ಯಾವ ಕಾಲಂಗೂ ಸೇರದ ಸಂಗೀತ

ಕೆಲವು ತಿಂಗಳುಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿ ದೂರವಾಣಿ ಮಾಡಿದಳು. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿರುವ ಅವಳ ಮಗ ನೌಕರಿಗೆ ರಾಜೀನಾಮೆ ಕೊಟ್ಟು, ನಾಲ್ವರು ಗೆಳೆಯರೊಂದಿಗೆ ರಾಕ್ ಬ್ಯಾಂಡ್ ಕಟ್ಟಲು ಹೊರಟಿದ್ದ. ‘ಅಣ್ಣಾ, ನೀನು ಅರ್ಥಶಾಸ್ತ್ರ ಓದಿದವನು, ಸರ್ಕಾರದಲ್ಲಿ ಜೀವಮಾನವೆಲ್ಲ ಲೆಕ್ಕ ನೋಡಿದವನು. ಇದರಿಂದ ಹೊಟ್ಟೆ ತುಂಬೋದಿಲ್ಲ ಅಂತ ನೀನೇ ಅವನಿಗೆ ಹೇಳು. ನಮ್ಮ ಮಾತು ಅವನ ಕಿವಿಗೆ ಹೋಗ್ತಾ ಇಲ್ಲ’ ಎಂದು ಅವಳು ಗೋಗರೆದಳು. ಅಂದು ಸಂಜೆಯೇ ಹುಡುಗ ಮನೆಗೆ ಬಂದ. ನನ್ನ ಉಪದೇಶವನ್ನು ಕಾಲು ಗಂಟೆ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ‘ಮಾವ, ಬೇಡ ಅಂತ ಹೇಳೋ ಮುಂಚೆ ಒಂದು ಲೆಕ್ಕ ಹಾಕಿಕೊಡಿ. ಒಂದು ಬ್ಯಾಂಡು ತನ್ನದೇ ದನಿ ಕಂಡುಕೊಳ್ಳೋಕೆ ಎಷ್ಟು ವರ್ಷ ಬೇಕು?’ ಎಂದು ಕೇಳಿದ.

ಹಣ ಎಷ್ಟು ಬೇಕು ಎಂದು ಕೇಳಿದ್ದರೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಅವನು ಕೇಳಿದ್ದು ಕಾಲದ ಲೆಕ್ಕ. ಅದಕ್ಕೆ ಉತ್ತರ ಹುಡುಕುತ್ತ ನಾನು ಅನಿವಾರ್ಯವಾಗಿ ದೆಹಲಿಯ ಒಂದು ಚಳಿಗಾಲದ ಸಂಜೆಗೂ, ನನ್ನ ಸೇವಾವಧಿಯ ಒಂದು ಹಳೆಯ ಕಡತಕ್ಕೂ ಮರಳಬೇಕಾಯಿತು.

ಮೊದಲು ದೆಹಲಿಯ ಮಾತು. 1998ರ ಸುಮಾರಿಗೆ ನಾನು ಕೇಂದ್ರ ಸಚಿವಾಲಯವೊಂದಕ್ಕೆ ನಿಯೋಜನೆಯ ಮೇಲೆ ಹೋಗಿದ್ದೆ. ಒಂದು ಸಂಜೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು ಬಯಲು ರಂಗಮಂದಿರವೊಂದರಲ್ಲಿ ನಡೆದ ಕಾರ್ಯಕ್ರಮಕ್ಕೆ ಹೋದೆ. ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳಬೇಕಾದ ಗದ್ದಲ ಎಂಬ ಪೂರ್ವಗ್ರಹ ಹೊತ್ತೇ ಹುಲ್ಲಿನ ಮೇಲೆ ಕುಳಿತಿದ್ದೆ. ವೇದಿಕೆಯ ಮೇಲೆ ನಾಲ್ವರಿದ್ದರು. ಒಬ್ಬರು ಗಿಟಾರನ್ನು ಸಿತಾರಿನ ಛಾಯೆ ಬರುವಂತೆ ಮೀಟುತ್ತಿದ್ದರು. ಇನ್ನೊಬ್ಬರು ತಬಲಾ ನುಡಿಸುತ್ತಲೇ ಎದೆ ತುಂಬಿ ಹಾಡುತ್ತಿದ್ದರು. ನೀಳಗೂದಲಿನ ಮೂರನೆಯವರ ಕೈಯಲ್ಲಿ ಬೇಸ್ ಗಿಟಾರ್ ಇತ್ತು. ಎಲ್ಲರಿಗಿಂತ ಕಿರಿಯವರು ಡ್ರಮ್ಸ್ ಹಿಂದೆ ಕುಳಿತಿದ್ದರು. ಒಂದು ಹಾಡಿನಲ್ಲಿ ‘ರೇವಾ’ ಎಂಬ ಹೆಸರು ಮತ್ತೆ ಮತ್ತೆ ಬಂತು. ಅದು ನರ್ಮದೆಯ ಇನ್ನೊಂದು ಹೆಸರು. ನೀರಾವರಿ ಯೋಜನೆಗಳ ಲಾಭ–ವೆಚ್ಚದ ಪಟ್ಟಿಗಳನ್ನು ಹಗಲೆಲ್ಲ ನೋಡಿ ಬಂದಿದ್ದ ನನಗೆ, ನದಿಯೊಂದನ್ನು ತಾಯಿಯೆಂದು ಕರೆಯುವ ಆ ಹಾಡು ಅಂದು ರಾತ್ರಿ ನಿದ್ದೆ ಬರಗೊಡಲಿಲ್ಲ. ಆ ತಂಡದ ಹೆಸರು ‘ಇಂಡಿಯನ್ ಓಷನ್’.

ಈ ತಂಡ ಹುಟ್ಟಿದ ಬಗೆಯನ್ನು ವರ್ಷಗಳ ಸಮೇತ ನೋಡಿದರೆ ನನ್ನ ಸೋದರಳಿಯನ ಪ್ರಶ್ನೆಗೆ ಉತ್ತರದ ಒಂದು ಭಾಗ ಸಿಗುತ್ತದೆ. ಗಿಟಾರ್ ವಾದಕ ಸುಸ್ಮಿತ್ ಸೇನ್ ಮತ್ತು ತಬಲಾ ವಾದಕ–ಗಾಯಕ ಅಸೀಮ್ ಚಕ್ರವರ್ತಿ ಪರಸ್ಪರ ಭೇಟಿಯಾದದ್ದು 1984ರಲ್ಲಿ. ‘ಇಂಡಿಯನ್ ಓಷನ್’ ಎಂಬ ಹೆಸರು ಹೊತ್ತು ತಂಡ ರೂಪುಗೊಂಡದ್ದು 1990ರಲ್ಲಿ. ಬೇಸ್ ಗಿಟಾರ್ ಮತ್ತು ಕಂಠದೊಂದಿಗೆ ರಾಹುಲ್ ರಾಮ್ ಸೇರಿದ್ದು 1991ರಲ್ಲಿ. ಮೊದಲ ಆಲ್ಬಂ ಎಚ್‌ಎಂವಿ ಸಂಸ್ಥೆಯಿಂದ ಹೊರಬಂದದ್ದು 1993ರಲ್ಲಿ. ಮರುವರ್ಷ, ಅಂದರೆ 1994ರಲ್ಲಿ, ಡ್ರಮ್ಸ್ ವಾದಕ ಅಮಿತ್ ಕಿಲಮ್ ಬಂದರು. ನಾನು ಹುಲ್ಲಿನ ಮೇಲೆ ಕುಳಿತು ಕೇಳಿದ ನಾಲ್ವರು ಒಟ್ಟುಗೂಡಲು ಮೊದಲ ಭೇಟಿಯಿಂದ ಲೆಕ್ಕ ಹಾಕಿದರೆ ಹತ್ತು ವರ್ಷಗಳೇ ಹಿಡಿದಿದ್ದವು.

ಆ ಕಾಲದ ಪರಿಸ್ಥಿತಿಯನ್ನೂ ಗಮನಿಸಬೇಕು. ಭಾರತದಲ್ಲಿ ರಾಕ್ ಸಂಗೀತ ಹೊಸದೇನೂ ಆಗಿರಲಿಲ್ಲ. 1970ರ ದಶಕದ ಆರಂಭದಲ್ಲೇ ‘ಸಿಮ್ಲಾ ಬೀಟ್’ ಸ್ಪರ್ಧೆಗಳು ನಡೆದು, ಅವುಗಳ ಧ್ವನಿಮುದ್ರಿಕೆಗಳೂ ಬಂದಿದ್ದವು. 1980ರ ದಶಕದಲ್ಲಿ ಮುಂಬೈಯ ‘ರಾಕ್ ಮೆಷೀನ್’ ಇಂಗ್ಲಿಷಿನಲ್ಲಿ ಸ್ವಂತ ಹಾಡುಗಳನ್ನು ರಚಿಸಿ ಹೆಸರು ಮಾಡಿತ್ತು. ಆದರೂ ಕಾಲೇಜು ಉತ್ಸವಗಳಲ್ಲಿ ಜನ ಬಯಸುತ್ತಿದ್ದದ್ದು ಹೆಚ್ಚಾಗಿ ಪಾಶ್ಚಾತ್ಯ ಹಾಡುಗಳ ಯಥಾವತ್ತಾದ ಅನುಕರಣೆಯನ್ನು. ಮೂಲಕ್ಕೆ ಎಷ್ಟು ಹತ್ತಿರವಾಗಿ ನುಡಿಸಿದರೆ ಅಷ್ಟು ಚಪ್ಪಾಳೆ. ಇತ್ತ ಮಾರುಕಟ್ಟೆಯಲ್ಲಿ ಚಲನಚಿತ್ರ ಸಂಗೀತದ್ದೇ ಆಧಿಪತ್ಯ. ಇವೆರಡರ ನಡುವೆ, ಗಿಟಾರ್ ಮತ್ತು ತಬಲಾಗಳನ್ನು ಮುಂದಿಟ್ಟುಕೊಂಡು ಅನುಕರಣೆಯೂ ಅಲ್ಲದ, ಸಿನಿಮಾದ್ದೂ ಅಲ್ಲದ ದೀರ್ಘ ರಚನೆಗಳನ್ನು ನುಡಿಸಲು ಹೊರಟವರಿಗೆ ಯಾವ ವರ್ಗೀಕರಣದಲ್ಲೂ ಜಾಗವಿರಲಿಲ್ಲ. ಆರಂಭದ ವರ್ಷಗಳ ಒಂದು ರಚನೆಗೆ ಅವರು ‘ಗೋಯಿಂಗ್ ಟು ಐಟಿಓ’ ಎಂದು ಹೆಸರಿಟ್ಟರು. ಐಟಿಓ ಎಂದರೆ ದೆಹಲಿಯ ಆದಾಯ ತೆರಿಗೆ ಕಚೇರಿಯ ಬಳಿಯ, ಬಸ್ಸುಗಳಿಂದ ಕಿಕ್ಕಿರಿದ ಚೌಕ. ದೂರದ ಲಂಡನ್ನು, ನ್ಯೂಯಾರ್ಕುಗಳನ್ನು ಕನವರಿಸದೆ ತಮ್ಮೂರಿನ ಗಲಾಟೆಯನ್ನೇ ಸಂಗೀತದ ವಸ್ತುವಾಗಿಸಿಕೊಂಡ ಸ್ವಭಾವ ಆ ಹೆಸರಿನಲ್ಲೇ ಇದೆ.

ಅವರ ನಾದ ಬೆಳೆದ ಕ್ರಮವೂ ಕುತೂಹಲಕರ. ಶಾಸ್ತ್ರೀಯ ಸಂಗೀತವನ್ನು ಕೇಳುಗನಾಗಿ ಬಲ್ಲೆನೇ ಹೊರತು ನಾನು ಪರಿಣತನಲ್ಲ. ಆದರೂ ಕಿವಿಗೆ ತಿಳಿಯುವಷ್ಟನ್ನು ಹೇಳಬಹುದು. ಪಾಶ್ಚಾತ್ಯ ಗಿಟಾರ್ ವಾದನದ ಬೆನ್ನೆಲುಬು ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛ. ಸುಸ್ಮಿತ್ ಸೇನ್ ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡು, ಒಂದು ಆಧಾರಸ್ವರದ ಮೇಲೆ ರಾಗದಂತೆ ಎಳೆಎಳೆಯಾಗಿ ಸ್ವರಗಳನ್ನು ಬಿಡಿಸುವ ಶೈಲಿ ರೂಢಿಸಿಕೊಂಡರು. ಹಾಗಾಗಿ ತಬಲಾ ಅಲ್ಲಿ ಅತಿಥಿಯಂತೆ ಕೇಳಿಸದೆ ಮನೆಯವನಂತೆಯೇ ಹೊಂದಿಕೊಂಡಿತು. ರಾಹುಲ್ ರಾಮ್ ಅವರ ಬೇಸ್ ಗಿಟಾರ್ ಬಂದ ಮೇಲೆ ಈ ಸಂಗೀತಕ್ಕೆ ಅಡಿಪಾಯದ ತೂಕ ದೊರೆಯಿತು.

ಅಮಿತ್ ಕಿಲಮ್ ಬಂದಾಗ ಬೇರೊಂದು ಸವಾಲು ಎದುರಾಗಿರಲೇಬೇಕು. ಡ್ರಮ್ಸ್ ಮತ್ತು ತಬಲಾ ಒಂದೇ ವೇದಿಕೆಯಲ್ಲಿದ್ದರೆ ದೊಡ್ಡ ದನಿ ಚಿಕ್ಕದನ್ನು ನುಂಗುವುದು ಸಹಜ. ಇಲ್ಲಿ ಹಾಗಾಗಲಿಲ್ಲ. ಭಾರವನ್ನು ಡ್ರಮ್ಸ್ ಹೊತ್ತರೆ ಕುಸುರಿಯನ್ನು ತಬಲಾ ಉಳಿಸಿಕೊಂಡಿತು; ಒಂದು ಮಾತನಾಡುವಾಗ ಇನ್ನೊಂದು ಸುಮ್ಮನಿರುವ ಸಂಯಮ ಬೆಳೆಯಿತು. ಕಿಲಮ್ ಅವರು ಬಂಗಾಳದ ಬಾವುಲರ ‘ಗಬ್‌ಗುಬಿ’ಯನ್ನೂ, ಕ್ಲಾರಿನೆಟ್ಟನ್ನೂ ಕೈಗೆತ್ತಿಕೊಂಡರು. ಇಂತಹ ಹೊಂದಾಣಿಕೆ ಒಬ್ಬ ನಿರ್ದೇಶಕನ ಆದೇಶದಿಂದ ಬರುವುದಿಲ್ಲ. ನಾಲ್ಕು ಜನ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕುಳಿತು ಒಬ್ಬರನ್ನೊಬ್ಬರು ಕೇಳಿಸಿಕೊಂಡಾಗ ಮಾತ್ರ ಬರುತ್ತದೆ.

1997ರ ಜನವರಿ 1ರಂದು ದೆಹಲಿಯ ಮಂಡಿ ಹೌಸ್ ಬಳಿ ‘ಸಹಮತ್’ ಸಂಘಟನೆ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಅವರು ನುಡಿಸಿದರು. ಬೀದಿ ನಾಟಕಕಾರ ಸಫ್ದರ್ ಹಾಶ್ಮಿ ಅವರ ಮೇಲೆ 1989ರ ಅದೇ ದಿನ ಹಲ್ಲೆ ನಡೆದಿತ್ತು; ಅವರ ಸ್ಮರಣೆಗಾಗಿ ಕಲಾವಿದರು ಸೇರುವ ಕೂಟವದು. ಅಂದಿನ ಧ್ವನಿಮುದ್ರಣವೇ ‘ಡೆಸರ್ಟ್ ರೇನ್’ ಎಂಬ ಆಲ್ಬಂ ಆಯಿತು. ಸ್ಟುಡಿಯೊದ ನಯಗಾರಿಕೆಯಿಲ್ಲದ, ತೆರೆದ ಬೀದಿಯ ಚಳಿಯಲ್ಲಿ ನುಡಿಸಿದ ಸಂಗೀತವದು. 2000ದಲ್ಲಿ ಬಂದ ‘ಕಂದೀಸಾ’ ಅವರನ್ನು ದೇಶದ ಮನೆಮನೆಗೆ ಮುಟ್ಟಿಸಿತು. ಆ ಆಲ್ಬಂನ ಶೀರ್ಷಿಕೆಗೀತೆ ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಪ್ರಾರ್ಥನೆ; ಯೇಸುವಿನ ಕಾಲದ ಅರಮಾಯಿಕ್ ಭಾಷಾಪರಂಪರೆಗೆ ಸೇರಿದ್ದು. ಅದೇ ಆಲ್ಬಂನಲ್ಲಿ ನರ್ಮದಾ ಕಣಿವೆಯ ‘ಮಾ ರೇವಾ’ ಇದೆ, ಕ್ರಾಂತಿಕಾರಿ ಕವಿ ಗೋರಖ್ ಪಾಂಡೆಯವರ ಜನಪದ ಧಾಟಿಯ ರಚನೆ ಇದೆ. ನಂತರ 2003ರಲ್ಲಿ ಬಂದ ‘ಝೀನಿ’ಗೆ ಕಬೀರರೇ ಸ್ಫೂರ್ತಿ. ಚರ್ಚಿನ ಪ್ರಾರ್ಥನೆ, ನದಿಯ ಸ್ತುತಿ, ರೈತಾಪಿ ಆಕ್ರೋಶ, ಸಂತನ ನಿರ್ಗುಣ ಪದ ಇವೆಲ್ಲವೂ ಒಂದೇ ನಾದದ ಚಾವಣಿಯಡಿ ಸಹಜವಾಗಿ ಕುಳಿತದ್ದು, ಸೆಮಿನಾರುಗಳಲ್ಲಿ ನಾವು ಭಾಷಣ ಬಿಗಿಯುವ ಬಹುತ್ವಕ್ಕಿಂತ ಹೆಚ್ಚು ನಂಬಲರ್ಹವಾಗಿತ್ತು.

ಕನ್ನಡಿಗರಿಗೆ ಇಲ್ಲೊಂದು ಸಂತೋಷದ ಸಂಗತಿಯೂ ಇದೆ. ನಾನು ಅಂದು ಕಂಡ ನೀಳಗೂದಲಿನ ರಾಹುಲ್ ರಾಮ್, ದೆಹಲಿ ವಿಶ್ವವಿದ್ಯಾಲಯದ ಪ್ರಸಿದ್ಧ ಸಸ್ಯವಿಜ್ಞಾನಿ ಪ್ರೊ. ಎಚ್.ವೈ. ಮೋಹನ್ ರಾಮ್ ಅವರ ಪುತ್ರ. ಅಂದರೆ, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ, ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ಎಚ್.ವೈ. ಶಾರದಾ ಪ್ರಸಾದ್ ಅವರ ತಮ್ಮನ ಮಗ. ಈ ಸೋದರರ ತಂದೆ ಎಚ್. ಯೋಗಾನರಸಿಂಹಂ ಮೈಸೂರು ಸಂಸ್ಥಾನದ ಶಿಕ್ಷಣ ಕ್ಷೇತ್ರದಲ್ಲಿ ದುಡಿದ ಸಂಸ್ಕೃತ ವಿದ್ವಾಂಸರು. ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಹೌದು. ನನ್ನ ಪೀಳಿಗೆಯ ಅಧಿಕಾರಿಗಳಿಗೆ ಶಾರದಾ ಪ್ರಸಾದರ ಹೆಸರೆಂದರೆ ಸಂಯಮದ, ತೂಕದ ಗದ್ಯದ ಮಾದರಿ. ಅವರ ಮನೆತನದ ಕುಡಿಯೊಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದ ಡಾಕ್ಟರೇಟ್ ಪಡೆದು, ನರ್ಮದಾ ಬಚಾವೊ ಆಂದೋಲನದಲ್ಲಿ ದುಡಿದು, ಕೊನೆಗೆ ರಾಕ್ ಬ್ಯಾಂಡಿನಲ್ಲಿ ನೆಲೆಸಿತೆಂಬುದು ಮೊದಲಿಗೆ ನನಗೆ ಸೋಜಿಗವೆನಿಸಿತ್ತು. ಈಗ ಹಾಗೆನಿಸುವುದಿಲ್ಲ. ತಾತ ಕೃತಿ ರಚಿಸಿದರು, ಮೊಮ್ಮಗ ತನ್ನ ಕಾಲದ ವಾದ್ಯ ಹಿಡಿದ, ಅಷ್ಟೆ.

ಇನ್ನು ನನ್ನ ಕ್ಷೇತ್ರವಾದ ಅರ್ಥಶಾಸ್ತ್ರಕ್ಕೆ ಬರುತ್ತೇನೆ. 1966ರಲ್ಲಿ ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶಕ ಕಲೆಗಳ ಆರ್ಥಿಕ ಸಂಕಟವನ್ನು ಕುರಿತು ಪ್ರಸಿದ್ಧ ಗ್ರಂಥವೊಂದನ್ನು ಬರೆದರು. ಅವರ ವಾದ ಸರಳ. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಕಾರ್ಮಿಕ ಹೆಚ್ಚು ಉತ್ಪಾದಿಸುತ್ತಾನೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ವಾದಕರ ರಚನೆಯೊಂದನ್ನು ನುಡಿಸಲು ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ನಿಮಿಷ ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ಉಳಿದೆಡೆ ವೇತನ ಏರಿದಂತೆ ಕಲಾವಿದ ಕಲೆಯಲ್ಲಿ ಉಳಿಯಲು ತೆರಬೇಕಾದ ಬೆಲೆ ಏರುತ್ತಲೇ ಹೋಗುತ್ತದೆ. ನನ್ನ ಸೋದರಳಿಯನ ಮಟ್ಟಿಗೆ ಈ ಬೆಲೆಯೆಂದರೆ ಅವನು ಬಿಡಲಿರುವ ಸಾಫ್ಟ್‌ವೇರ್ ಸಂಬಳ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದು ಅವಕಾಶ ವೆಚ್ಚ. ಬೆಂಗಳೂರು ಸಿರಿವಂತವಾದಷ್ಟೂ ಬೆಂಗಳೂರಿನಲ್ಲಿ ಸಂಗೀತಗಾರನಾಗುವುದು ದುಬಾರಿಯಾಗುತ್ತದೆ ಎಂಬ ವಿಪರ್ಯಾಸ ಇಲ್ಲಿದೆ.

ಧ್ವನಿಮುದ್ರಣ ಈ ಸಂಕಟದಿಂದ ಪಾರು ಮಾಡೀತೆಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಒಮ್ಮೆ ನುಡಿಸಿ ಲಕ್ಷ ಪ್ರತಿ ಮಾರಬಹುದಲ್ಲ! ಕ್ಯಾಸೆಟ್ ಬಂದು ಎಚ್‌ಎಂವಿಯ ದಶಕಗಳ ಏಕಸ್ವಾಮ್ಯ ಮುರಿಯಿತು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದು, 1995ರ ‘ಮೇಡ್ ಇನ್ ಇಂಡಿಯಾ’ದಂತಹ ಸಿನಿಮೇತರ ಹಾಡುಗಳು ಭರ್ಜರಿಯಾಗಿ ಮಾರಾಟವಾದವು. ಆದರೆ ಆ ಅಲೆ ಬಹುಕಾಲ ನಿಲ್ಲಲಿಲ್ಲ. ಎಂಪಿ3 ಬಂದು ಹಾಡಿನ ಪ್ರತಿಗೆ ಬೆಲೆಯೇ ಇಲ್ಲದಂತಾಯಿತು. ಕಂಪನಿಗಳು ಮತ್ತೆ ಸಿನಿಮಾದ ಮಡಿಲಿಗೆ ಮರಳಿದವು. ‘ಇಂಡಿಯನ್ ಓಷನ್’ ಆ ಅಲೆಯನ್ನೇರಿ ಹೋದ ತಂಡವಲ್ಲ. ಆದ್ದರಿಂದ ಅಲೆ ಇಳಿದಾಗ ಕೊಚ್ಚಿಹೋಗಲೂ ಇಲ್ಲ. ಊರಿಂದೂರಿಗೆ ಹೋಗಿ ಜನರೆದುರು ನುಡಿಸುವುದೇ ಅದರ ಮುಖ್ಯ ಬಲವಾಗಿತ್ತು.

2010ರಲ್ಲಿ ಅವರು ಇಟ್ಟ ಹೆಜ್ಜೆ ನನ್ನಂತಹ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪಾಠದಂತಿದೆ. ತಮ್ಮ ಹೊಸ ಆಲ್ಬಂನ ಏಳು ಹಾಡುಗಳನ್ನು ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. ಅದಕ್ಕೆ ಮುನ್ನ, 2007ರಲ್ಲಿ, ಇಂಗ್ಲೆಂಡಿನ ‘ರೇಡಿಯೊಹೆಡ್’ ತಂಡ ಕೇಳುಗರು ಇಷ್ಟವಿದ್ದಷ್ಟು ಕೊಟ್ಟು ಪಡೆಯಲೆಂದು ಆಲ್ಬಂ ಒಂದನ್ನು ಬಿಡುಗಡೆ ಮಾಡಿತ್ತು. ನಕಲು ಮಾಡಲು ಖರ್ಚೇ ಇಲ್ಲದ ವಸ್ತುವಿಗೆ ಬೆಲೆ ಕಟ್ಟಿ ಕಾಯುವುದಕ್ಕಿಂತ ಅದನ್ನು ಹಂಚಿ, ನಕಲು ಮಾಡಲಾಗದ ಜೀವಂತ ಕಛೇರಿಗೆ ಜನರನ್ನು ಕರೆಯುವುದು ಜಾಣತನ. ದಾನದಂತೆ ಕಂಡರೂ ಇದು ಕಟ್ಟುನಿಟ್ಟಾದ ಲೆಕ್ಕಾಚಾರವೇ.

ಆ ಆಲ್ಬಂನ ಹೆಸರು ಮಾತ್ರ ನನ್ನನ್ನು ಬೇರೆಡೆಗೆ ಕರೆದೊಯ್ದಿತು: ‘16/330 ಖಜೂರ್ ರೋಡ್’. ಅದು ಹಾಡಿನ ಸಾಲಲ್ಲ, ವಿಳಾಸ. ದೆಹಲಿಯ ಕರೋಲ್ ಬಾಗಿನಲ್ಲಿ ಅವರು ವರ್ಷಗಟ್ಟಲೆ ಅಭ್ಯಾಸ ನಡೆಸಿದ ಹಳೆಯ ಮನೆಯದು. ಇಷ್ಟೆಲ್ಲ ಕೀರ್ತಿ ಬಂದ ಮೇಲೆ ತಂಡವೊಂದು ತನ್ನ ಆಲ್ಬಂಗೆ ಅಭ್ಯಾಸದ ಕೋಣೆಯ ವಿಳಾಸವನ್ನು ಹೆಸರಾಗಿಸಿತೆಂದರೆ, ತಾನು ಯಾರಿಗೆ ಋಣಿಯೆಂದು ಅದಕ್ಕೆ ತಿಳಿದಿತ್ತು ಎಂದರ್ಥ. ಆ ವಿಳಾಸ ಓದಿದಾಗಲೇ ನನಗೆ ನನ್ನ ಕಡತ ನೆನಪಾದದ್ದು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕಲೆಗೆ ನೆರವು ನೀಡುವ ಸಮಿತಿಯೊಂದರಲ್ಲಿ ನಾನು ಹಣಕಾಸಿನ ಕಡೆಯ ಸದಸ್ಯನಾಗಿದ್ದೆ. ಅರ್ಜಿ ನಮೂನೆಯಲ್ಲಿ ಕಲಾಪ್ರಕಾರಕ್ಕೆ ಕೆಲವು ಕಾಲಂಗಳಿದ್ದವು: ಶಾಸ್ತ್ರೀಯ, ಸುಗಮ, ಜಾನಪದ, ರಂಗಭೂಮಿ. ಐವರು ಯುವಕರ ತಂಡವೊಂದು ಅರ್ಜಿ ಹಾಕಿತ್ತು. ಗಿಟಾರು, ಡ್ರಮ್ಸುಗಳೊಂದಿಗೆ ತತ್ವಪದಗಳನ್ನು ಹಾಡುವವರು. ಯಾವ ಕಾಲಂಗೂ ಗುರುತು ಹಾಕದೆ, ಪಕ್ಕದಲ್ಲಿ ಕೈಬರಹದಲ್ಲಿ ‘ಬ್ಯಾಂಡ್’ ಎಂದು ಬರೆದಿದ್ದರು. ಅವರು ಕೇಳಿದ್ದು ಹಣವನ್ನಲ್ಲ. ಸರ್ಕಾರಿ ಕಟ್ಟಡವೊಂದರಲ್ಲಿ ಕಚೇರಿ ವೇಳೆಯ ನಂತರ ಖಾಲಿ ಬೀಳುವ ಒಂದು ಹಾಲನ್ನು ವಾರಕ್ಕೆ ಮೂರು ಸಂಜೆ ಅಭ್ಯಾಸಕ್ಕೆ ಕೊಡಿ ಎಂದಿದ್ದರು. ‘ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ. ಕಡತವನ್ನು ಮುಕ್ತಾಯಗೊಳಿಸಬಹುದು’ ಎಂದು ನಾನು ಟಿಪ್ಪಣಿ ಬರೆದೆ. ನಿಯಮದ ಪ್ರಕಾರ ಅದು ಸರಿಯಾದ ಟಿಪ್ಪಣಿಯೇ. ಅದೇ ಸಭೆಯಲ್ಲಿ ಒಂದು ರಾತ್ರಿಯ ಉತ್ಸವಕ್ಕೆ, ಅದರ ಪೆಂಡಾಲು, ದೀಪಾಲಂಕಾರ, ಹಾರ–ತುರಾಯಿಗಳಿಗೆ ಯಾವ ಅಡ್ಡಿಯೂ ಇಲ್ಲದೆ ಮಂಜೂರಾತಿ ನೀಡಿದೆವು. ಅದಕ್ಕೆ ಕಾಲಂ ಇತ್ತು. ಆ ಐವರು ಮುಂದೆ ಏನಾದರೋ ನಾನರಿಯೆ.

ದೆಹಲಿಯ ತಂಡಕ್ಕೂ ಆ ಐವರಿಗೂ ಪ್ರತಿಭೆಯಲ್ಲಿ ಎಷ್ಟು ಅಂತರವಿತ್ತೋ ಹೇಳಲಾರೆ. ಒಂದು ಅಂತರವಂತೂ ಸ್ಪಷ್ಟ. ಅವರಿಗೆ ಖಜೂರ್ ರೋಡಿನ ಮನೆ ಸಿಕ್ಕಿತು, ಇವರಿಗೆ ನನ್ನ ಟಿಪ್ಪಣಿ ಸಿಕ್ಕಿತು. ‘ಸ್ವತಂತ್ರ’ ಬ್ಯಾಂಡ್ ಎಂದಾಗ ನಾವು ಸಾಮಾನ್ಯವಾಗಿ ಕಂಪನಿಗಳ ಹಂಗಿಲ್ಲದ್ದು ಎಂದುಕೊಳ್ಳುತ್ತೇವೆ. ‘ಇಂಡಿಯನ್ ಓಷನ್’ ಕಂಪನಿಗಳೊಡನೆ ಕೆಲಸ ಮಾಡಿದೆ, ಸಿನಿಮಾಕ್ಕೂ ಸಂಗೀತ ನೀಡಿದೆ. ಅನುರಾಗ್ ಕಶ್ಯಪ್ ಅವರ ‘ಬ್ಲ್ಯಾಕ್ ಫ್ರೈಡೇ’, 2015ರ ‘ಮಸಾನ್’ ಚಿತ್ರಗಳ ಸಂಗೀತ ಅವರದೇ. ಆದರೂ ಅವರನ್ನು ಸ್ವತಂತ್ರರೆನ್ನಲು ಕಾರಣವಿದೆ. ಒಂದು ರಚನೆ ಯಾವಾಗ ಪೂರ್ಣವಾಯಿತೆಂದು ತೀರ್ಮಾನಿಸುವ ಹಕ್ಕನ್ನು ಅವರು ಯಾರಿಗೂ ಮಾರಲಿಲ್ಲ. ಸ್ವಾತಂತ್ರ್ಯವೆಂದರೆ ಇಲ್ಲಿ ತಮ್ಮ ಕಾಲದ ಮೇಲಿನ ಒಡೆತನ. ಆ ಒಡೆತನಕ್ಕೆ ಕಡಿಮೆ ಬಾಡಿಗೆಯ ಒಂದು ಕೋಣೆ ಎಷ್ಟು ಮುಖ್ಯವೆಂಬುದು ಕಡತ ನೋಡುವವರಿಗೆ ಹೊಳೆಯುವುದಿಲ್ಲ.

ಇದಕ್ಕೆ ಆಕ್ಷೇಪಣೆಯೂ ಇದೆ. ನನ್ನ ತಂಗಿಯ ಆಕ್ಷೇಪಣೆಯೇ ಅದು. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಹತ್ತು ವರ್ಷ ಕಾದು ಏನೂ ಆಗದೆ ಉಳಿದವರ ಕಥೆಯನ್ನು ಯಾರು ಬರೆಯುತ್ತಾರೆ? ಈ ಮಾತು ನಿಜ. ಗೆದ್ದವರ ಕಥೆಯೂ ಸುಖಾಂತವೇನಲ್ಲ. 2009ರ ಡಿಸೆಂಬರ್ 25ರಂದು ಅಸೀಮ್ ಚಕ್ರವರ್ತಿ ತೀರಿಕೊಂಡರು. ಮರುವರ್ಷ ಉಚಿತವಾಗಿ ಹಂಚಲ್ಪಟ್ಟ ಆಲ್ಬಂನಲ್ಲಿ ಕೇಳುವುದು ಅವರು ಮೊದಲೇ ಹಾಡಿಟ್ಟಿದ್ದ ಕಂಠ. ಅದೇ 2010ರಲ್ಲಿ ಜೈದೀಪ್ ವರ್ಮಾ ನಿರ್ಮಿಸಿದ ‘ಲೀವಿಂಗ್ ಹೋಮ್’ ಸಾಕ್ಷ್ಯಚಿತ್ರ ಚಿತ್ರಮಂದಿರಗಳಿಗೆ ಬಂದಾಗ, ಪರದೆಯ ಮೇಲೆ ನಗುತ್ತಿದ್ದ ನಾಲ್ವರಲ್ಲಿ ಒಬ್ಬರು ಇರಲಿಲ್ಲ. 2013ರಲ್ಲಿ ಸ್ಥಾಪಕ ಸುಸ್ಮಿತ್ ಸೇನ್ ತಂಡ ತೊರೆದು ತಮ್ಮದೇ ಹಾದಿ ಹಿಡಿದರು. ಹೊಸಬರು ಸೇರಿ ತಂಡ ಮುಂದುವರಿಯಿತು. 2014ರಲ್ಲಿ ‘ತಂದಾನು’, 2023ರಲ್ಲಿ ‘ತೂ ಹೈ’ ಆಲ್ಬಂಗಳು ಬಂದವು. ನದಿಯ ನೀರು ಬದಲಾದರೂ ಹೆಸರು ಉಳಿಯುವಂತೆ ಇದು ಉಳಿದಿದೆ. ಆದರೆ ನಾನು 1998ರಲ್ಲಿ ಕೇಳಿದ ನಾದ ಮತ್ತೆ ಕೇಳಸಿಗುವುದಿಲ್ಲ. ನಾಲ್ಕು ನಿರ್ದಿಷ್ಟ ವ್ಯಕ್ತಿಗಳ ಸಹವಾಸದಿಂದ ಹುಟ್ಟಿದ್ದು ಆ ಸಹವಾಸದೊಂದಿಗೇ ಮುಗಿಯುತ್ತದೆ.

ಹಾಗಾದರೆ ಸಮಾಜ ಇಂತಹವುಗಳಿಗೆ ಏಕೆ ಕೈಹಚ್ಚಬೇಕು? ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. ಹೆಗ್ಗೋಡಿನ ನೀನಾಸಂ 1949ರಿಂದ ಮಾಡಿಕೊಂಡು ಬಂದದ್ದು ಸ್ಥಳ ಮತ್ತು ಸಮಯ ಕೊಡುವ ಕೆಲಸವನ್ನೇ. 2004ರಲ್ಲಿ ಬೆಂಗಳೂರಿನಲ್ಲಿ ರಂಗಶಂಕರ ತೆರೆದ ಮೇಲೆ ನಾಟಕ ತಂಡಗಳಿಗೆ ಕೈಗೆಟಕುವ ಬಾಡಿಗೆಯ, ಶಿಸ್ತಿನ ಮನೆಯೊಂದು ದೊರೆಯಿತು. ಗಿಟಾರಿನೊಡನೆ ಶಿಶುನಾಳ ಶರೀಫರ ಪದ ಹಾಡಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ, ‘ಇದೇನು ಶರೀಫರಿಗೆ ಬಂದ ಗತಿ’ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಇಂದು ಆ ಪದಗಳು ಎಷ್ಟೋ ಎಳೆಯರ ಬಾಯಲ್ಲಿರುವುದು ಆ ಹಾಡುಗಾರಿಕೆಯಿಂದಲೇ ಎಂಬುದನ್ನು ಒಪ್ಪಿಕೊಳ್ಳಬೇಕು. ಪರಂಪರೆ ಉಳಿಯುವುದು ಕಾಲಂಗಳಲ್ಲಿ ಅಲ್ಲ. ಎಲ್ಲಿಯೂ ಸೇರದವರು ಅದನ್ನು ಎತ್ತಿಕೊಂಡು ನಡೆದಾಗ ಅದು ಉಳಿಯುತ್ತದೆ.

ನಾನು ಕೇಳುವುದು ಬ್ಯಾಂಡುಗಳಿಗೆ ಅನುದಾನ ಕೊಡಿ ಎಂದಲ್ಲ. ಅನುದಾನದೊಂದಿಗೆ ಶಿಫಾರಸು, ಶಿಫಾರಸಿನೊಂದಿಗೆ ಹಂಗು ಬರುತ್ತದೆಂಬುದನ್ನು ಒಳಗಿದ್ದು ಕಂಡವನು ನಾನು. ನಮ್ಮ ನಗರಗಳಲ್ಲಿ ಶಾಲೆಗಳಿವೆ, ಸಮುದಾಯ ಭವನಗಳಿವೆ, ಕಚೇರಿ ಕಟ್ಟಡಗಳಿವೆ. ಸಂಜೆ ಆರರ ನಂತರ ಅವುಗಳಲ್ಲಿ ಬಹುಪಾಲಿಗೆ ಬೀಗ ಬೀಳುತ್ತದೆ. ಅವುಗಳ ಕಟ್ಟಡ ವೆಚ್ಚವನ್ನು ಸಾರ್ವಜನಿಕರು ಈಗಾಗಲೇ ತೆತ್ತಾಗಿದೆ. ಶಬ್ದ ಹೊರಹೋಗದಂತೆ ಒಂದೊಂದು ಕೋಣೆಯನ್ನು ಸಜ್ಜುಗೊಳಿಸಿ, ಅಲ್ಪ ಬಾಡಿಗೆಗೆ, ಮೊದಲು ಬಂದವರಿಗೆ ಮೊದಲೆಂಬ ನಿಯಮದಲ್ಲಿ ಕೊಡಲು ಹೆಚ್ಚುವರಿ ಖರ್ಚು ಅತ್ಯಲ್ಪ. ಯಾವ ಸಂಗೀತ, ಯಾವ ಭಾಷೆ, ಯಾವ ಪ್ರಕಾರ ಎಂದು ಕೇಳುವ ಕಾಲಂ ಮಾತ್ರ ಆ ಅರ್ಜಿಯಲ್ಲಿ ಇರಬಾರದು. ಹಾಗೆ ತೆರೆದ ಹತ್ತು ಕೋಣೆಗಳಲ್ಲಿ ಒಂಬತ್ತರಿಂದ ಏನೂ ಹೊರಬರದಿರಬಹುದು. ಸಂಶೋಧನೆಗೆ ಹಣ ಹೂಡುವಾಗ ಈ ಅನಿಶ್ಚಿತತೆಯನ್ನು ಒಪ್ಪಿಕೊಳ್ಳುವ ನಾವು ಕಲೆಯ ವಿಷಯದಲ್ಲಿ ಮಾತ್ರ ಮೊದಲ ದಿನವೇ ಫಲಿತಾಂಶ ಕೇಳುತ್ತೇವೆ.

ಸೋದರಳಿಯ ಮತ್ತೆ ಬಂದಾಗ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟೆ. ಭೇಟಿಯಿಂದ ಹೆಸರಿನವರೆಗೆ ಆರು ವರ್ಷ. ಹೆಸರಿನಿಂದ ‘ಕಂದೀಸಾ’ವರೆಗೆ ಹತ್ತು ವರ್ಷ. ಅಷ್ಟು ಕಾಲ ಐವರಿಗೂ ಊಟ ಸಿಗುವಂತೆ ಅರ್ಧಕಾಲಿಕ ಕೆಲಸವೊಂದನ್ನು ಉಳಿಸಿಕೊಳ್ಳಬೇಕು. ಬಂದದ್ದನ್ನು ಹೇಗೆ ಹಂಚಿಕೊಳ್ಳುತ್ತೀರೆಂದು ಗೆಳೆತನ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದಿಡಬೇಕು. ಹಾಡು ನಿಮ್ಮ ಹೆಸರಿನಲ್ಲಿ ಇರಲಿ ಎಂದೂ ಸೇರಿಸಿದೆ. ಏಕೆಂದರೆ 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ರಚನಕಾರರ ರಾಯಧನದ ಹಕ್ಕನ್ನು ಬಲಪಡಿಸಿದೆ. ಅದನ್ನು ಓದದೆ ಯಾವ ಕರಾರಿಗೂ ಸಹಿ ಹಾಕಬೇಡಿ. ಹಾಳೆಯ ಕೊನೆಯಲ್ಲಿ ‘ಫಲಿತಾಂಶ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೆ. ಹುಡುಗ ಅದನ್ನು ನೋಡಿ, ‘ಮಾವ, ಇದೊಂದು ಬಿಟ್ಟು ಎಲ್ಲ ಬರೆದಿದ್ದೀರಿ’ ಎಂದ. ಅದನ್ನು ನಾನು ಬರೆಯುವಂತಿರಲಿಲ್ಲ.

ನಮ್ಮ ಮನೆಯ ಮಹಡಿಯ ಮೇಲೊಂದು ಕೋಣೆಯಿದೆ. ಹಳೆಯ ಗೆಜೆಟ್ಟುಗಳು, ವರದಿಗಳು, ನಾನು ಮತ್ತೆಂದೂ ತೆರೆಯದ ಪೆಟ್ಟಿಗೆಗಳು ಅಲ್ಲಿದ್ದವು. ಅವನ್ನೆಲ್ಲ ರದ್ದಿಗೆ ಹಾಕಿ, ಅಕ್ಕಪಕ್ಕದ ಮನೆಯವರ ಒಪ್ಪಿಗೆ ಪಡೆದು, ವಾರಕ್ಕೆ ಮೂರು ಸಂಜೆ ಎಂಟು ಗಂಟೆಯವರೆಗೆ ಎಂಬ ಷರತ್ತಿನ ಮೇಲೆ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇನೆ. ‘ಬುದ್ಧಿ ಹೇಳು ಅಂದರೆ ಜಾಗ ಕೊಟ್ಟೆಯಲ್ಲೋ ಅಣ್ಣಾ’ ಎಂದು ತಂಗಿ ಮುನಿಸಿಕೊಂಡಿದ್ದಾಳೆ. ಅವಳ ಮುನಿಸಿಗೆ ಕಾರಣವಿಲ್ಲದಿಲ್ಲ. ಹುಡುಗರು ಸದ್ಯಕ್ಕೆ ಚೆನ್ನಾಗಿ ನುಡಿಸುವುದಿಲ್ಲ. ಡ್ರಮ್ಸಿನ ಹುಡುಗ ಉಳಿದ ನಾಲ್ವರನ್ನೂ ಮುಳುಗಿಸಿಬಿಡುತ್ತಾನೆ. ಮೊನ್ನೆ ಮಾತ್ರ ಒಂದರ್ಧ ನಿಮಿಷ ಅವನು ಕೈ ತಡೆದು ಗಿಟಾರನ್ನು ಕೇಳಿಸಿಕೊಂಡ. ಕೆಳಗೆ ಪತ್ರಿಕೆ ಓದುತ್ತಿದ್ದ ನಾನು ತಲೆಯೆತ್ತಿ ನೋಡಿದೆ.